ಅಳುವುದಕ್ಕೆ ಅಪ್ಪಣೆ

ಕಡಲು ಯೂನಾಳನ್ನು ಕೊಂದಿತು ಎಂದು ಹೇಳಿ ಪೊಲೀಸ್ ಸಾರ್ಜೆಂಟ್ ಟೋಪಿ ಹಾಕಿಕೊಂಡು ಹೊರಟುಹೋದ. ಗೊಬ್ನಿತ್ ತಲೆ ಎತ್ತಿ ನೋಡಲಿಲ್ಲ. ಅವಳು ಹೆಣದ ಕೂದಲಿನಿಂದ ಕಡಲಪಾಚಿ ಬಿಡಿಸುತ್ತಿದ್ದಳು.

ಮನೆಯಲ್ಲಿ ಮೇಜು ಇರಲಿಲ್ಲ. ಬಾಗಿಲನ್ನೇ ಕಿತ್ತು ಎರಡು ಪೀಪಾಯಿಗಳ ಮೇಲೆ ಹಾಸಿ ಯೂನಾಳನ್ನು ಮಲಗಿಸಿದ್ದರು. ಬಾಗಿಲಿಲ್ಲದ ಬಾಗಿಲಿಂದ ಕಡಲಗಾಳಿ ಒಳಗೆ ನುಗ್ಗುತ್ತಿತ್ತು. ಗೊಬ್ನಿತ್ ತೊಳೆದಳು. ಎರಡು ಹೆಗಲ ಮೇಲೂ ಬುಟ್ಟಿಯ ಹಗ್ಗ ಕೊರೆದ ಗುರುತು. ಬೆರಳ ಸಂದಿಯಲ್ಲಿ ಉಪ್ಪುಹುಣ್ಣು. ಅಂಗೈ ತುಂಬ ಕುಡುಗೋಲಿನ ಗೀರು. ಹೊಟ್ಟೆ ಎದ್ದು ನಿಂತಿತ್ತು. ಒಳಗಿದ್ದ ಕೂಸು ತಾಯಿಯ ಜೊತೆಗೇ ಹೋಗಿತ್ತು. ಅದಕ್ಕೆ ಬೇರೆ ಹೆಣವೂ ಇಲ್ಲ, ಬೇರೆ ಹೆಸರೂ ಇಲ್ಲ.

ಯೂನಾ ಅವಳ ತಂಗಿಯ ಮಗಳು. ತಂಗಿ ಜ್ವರದಲ್ಲಿ ಹೋದಮೇಲೆ ಗೊಬ್ನಿತ್ ಸಾಕಿದ್ದು. ಆ ಐರಿಷ್ ತೀರದಲ್ಲಿ ಯಾರು ಸತ್ತರೂ ಹೆಣದ ತಲೆಯ ಹತ್ತಿರ ಕೂತು ಹಾಡಿ ಅಳುವವಳು ಗೊಬ್ನಿತ್. ಅವಳ ಅವ್ವನೂ ಅದನ್ನೇ ಮಾಡಿದ್ದಳು. ಎಷ್ಟೋ ಮನೆಯ ಹೆಣಗಳಿಗೆ ಅತ್ತಿದ್ದಳು. ಈಗ ತನ್ನ ಮನೆಯದೇ ಮುಂದಿತ್ತು, ಅಳುವ ಹಾಗಿರಲಿಲ್ಲ. ಹೆಣ ತೊಳೆದು, ಬಿಳಿ ಹೊದಿಸಿ, ಕೈ ಜೋಡಿಸಿ ಮುಗಿಸುವ ತನಕ ಯಾರೂ ದನಿ ತೆಗೆಯಬಾರದು. ತೆಗೆದರೆ ಸೈತಾನನ ನಾಯಿಗಳು ಎಚ್ಚೆತ್ತು ಹೊರಟ ಜೀವವನ್ನು ದಾರಿಯಲ್ಲೇ ಹಿಡಿಯುತ್ತವೆ. ಅದಕ್ಕೇ ಗೊಬ್ನಿತ್ ಶಾಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ತೊಳೆಯುತ್ತಿದ್ದಳು.

ಕೊಂದವರು ಯಾರು ಅಂತ ಅವಳಿಗೆ ಗೊತ್ತಿತ್ತು. ಅವಳು ಪಕ್ಕದ ಬಂಡೆಯ ಮೇಲೇ ಇದ್ದಳು. ಜಮೀನ್ದಾರ ಲಂಡನ್ನಿನಲ್ಲಿರುತ್ತಿದ್ದ. ಇಲ್ಲಿ ಅವನ ಏಜೆಂಟ್ ಲಾವೆಲ್ ಹೇಳಿದ್ದೇ ಕಾನೂನು. ಕಡಲು ತಂದು ಹಾಕುವ ಪಾಚಿಯೂ ಜಮೀನ್ದಾರನದು ಎಂದು ಆ ವರ್ಷ ಅವನು ಹೊಸದಾಗಿ ಸಾರಿದ್ದ. ಆಲೂಗಡ್ಡೆ ತೋಟಕ್ಕೆ ಪಾಚಿಗೊಬ್ಬರ ಬೇಕಾದವರು ಮೊದಲು ಜಮೀನ್ದಾರನ ಹೊಲಕ್ಕೆ ಕೊಯ್ದು ಹೊರಬೇಕು. ಅದೂ ಕರಿಬಂಡೆಯಲ್ಲೇ, ಇಳಿತದಲ್ಲಿ ಕಡಲನೀರು ಪೂರ್ತಿ ಹಿಂದೆ ಸರಿದಾಗ ಮಾತ್ರ ಕಾಲಿಡಲು ಆಗುವ ಜಾಗದಲ್ಲಿ. ಆವತ್ತು ಯೂನಾ ಬುಟ್ಟಿ ಕೆಳಗಿಟ್ಟು ಕೇಳಿದ್ದಳು.

"ಸಾಹೇಬ್ರೆ, ಇವತ್ತು ನನ್ ಕೈಲಾಗಲ್ಲ. ನೀರು ತಿರುಗ್ತಾ ಐತೆ, ಏರ್‍ತದೆ."

ಲಾವೆಲ್ ದಂಡೆಯ ಮೇಲೆ ಒಣ ಬೂಟಿನಲ್ಲಿ ನಿಂತಿದ್ದ. ಜೇಬಿನಿಂದ ಗಡಿಯಾರ ತೆಗೆದು ನೋಡಿದ. "ಹೊಟ್ಟೆ ನಿಂದು. ನಾನೇನು ಮಾಡ್ಲಿ? ತೋಟ ಮಾತ್ರ ನಮ್ಮದು. ಬೇಡ ಅಂದ್ರೆ ಬಿಟ್ಟುಹೋಗು."

ಯೂನಾ ಬುಟ್ಟಿ ಎತ್ತಿಕೊಂಡು ಮತ್ತೆ ಕರಿಬಂಡೆಗೆ ಹೋದಳು. ಮುಂದಿನ ಇಳಿತಕ್ಕೆ ಅವಳು ಪಾಚಿಗೆ ಸಿಕ್ಕಿಕೊಂಡು ಹೆಣವಾಗಿ ಮೇಲೆ ಬಂದಳು. ದಂಡೆಯಲ್ಲಿದ್ದ ಅಷ್ಟೂ ಹೆಂಗಸರು ಆ ಮಾತು ಕೇಳಿದ್ದರು. ಸಾರ್ಜೆಂಟ್ ಅವರಲ್ಲಿ ಒಬ್ಬಳನ್ನೂ ಕೇಳಲಿಲ್ಲ. ಕೇಳುವುದು ಅವನ ಕೆಲಸವೂ ಆಗಿರಲಿಲ್ಲ, ಸಂಬಳ ಕೊಡುವವರು ಬೇರೆ.

ಕೋರ್ಟಿಗೆ ಹೋಗಲಾಗದವರಿಗೆ ಉಳಿದಿದ್ದು ಒಂದೇ ಜಾಗ, ಹೆಣದ ಮಗ್ಗುಲು. ಅಲ್ಲಿ ಕೂತು ಹಾಡಿ ಅಳುವವಳು ಏನು ಬೇಕಾದರೂ ಹೇಳಬಹುದು. ಹೊಡೆಯುವ ಗಂಡನ ಹೆಸರು, ಜಿಪುಣ ಮಾವನ ಹೆಸರು, ಹೊರಹಾಕಿದ ಧಣಿಯ ಹೆಸರು. ಒಮ್ಮೆ ಅಳುವಿನಲ್ಲಿ ಹೆಸರು ಬಂತೋ, ಅದು ಊರೂರು ತಿರುಗುತ್ತದೆ, ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ. ಗೊಬ್ನಿತ್ ಲಾವೆಲ್‌ನ ಹೆಸರನ್ನು ಬಾಯಲ್ಲಿಟ್ಟುಕೊಂಡೇ ಹೆಣಕ್ಕೆ ಬಿಳಿ ಹೊದಿಸಿದಳು.

ಕೈ ಜೋಡಿಸುವಷ್ಟರಲ್ಲಿ ಕಾಸ್ಟಿಗನ್ ಪಾದ್ರಿ ಬಂದರು.

ಜನ ಎದ್ದು ದಾರಿ ಬಿಟ್ಟರು. ಗೊಬ್ನಿತ್ ಏಳಲಿಲ್ಲ. ಅವಳ ಬಲಗೈ ಮುಂಗೈಯಲ್ಲಿ ಒಂದು ಬಿಳಿ ಬರೆ ಇತ್ತು. ಅದು ಈ ಪಾದ್ರಿಯ ಕುದುರೆ ಚಾಟಿಯದೇ. ಹಿಂದೊಮ್ಮೆ ಸ್ಮಶಾನದಲ್ಲಿ ಶವಪೆಟ್ಟಿಗೆ ತಬ್ಬಿಕೊಂಡು ಅಳುತ್ತಿದ್ದವಳನ್ನು ಬಾರಿಸಿ ಎಬ್ಬಿಸಿದ್ದರು. ಹಾಡಿ ಅಳುವುದು ಅಜ್ಞಾನಿಗಳ ಚಾಳಿ, ದೇವರ ತೀರ್ಪಿನ ಮೇಲೆ ದೂರು, ಕುಡುಕಿಯರ ಕೂಗಾಟ ಎಂದು ವರ್ಷವರ್ಷವೂ ಬಲಿಪೀಠದ ಮುಂದೆ ನಿಂತು ಬಯ್ಯುತ್ತಿದ್ದರು.

"ಗೊಬ್ನಿತ್," ಎಂದರು ಪಾದ್ರಿ. ದನಿ ಬೆಣ್ಣೆಯಾಗಿತ್ತು. "ಇವತ್ತು ನೀನು ಅಳಬಹುದು."

ಗೊಬ್ನಿತ್ ಜೊತೆಗೆ ದನಿ ಕೂಡಿಸುವ ನೆಲ್ ಎಂಬವಳು ಮೂಲೆಯಲ್ಲಿ ಕೂತಿದ್ದಳು. ಅವಳಿಗೆ ಬಾಯಿ ಕಟ್ಟಿ ಗೊತ್ತಿಲ್ಲ. "ಯಾಕೆ ಫಾದರ್? ದೇವ್ರು ಮನಸ್ಸು ಬದಲಾಯ್ಸಿದ್ನಾ?" ಎಂದಳು.

"ಬಾಯಿ ಮುಚ್ಚು ನೆಲ್. ಡಬ್ಲಿನ್ನಿಂದ ದೊಡ್ಡವರೊಬ್ರು ಬಂದಿದ್ದಾರೆ. ಲಾವೆಲ್ ಅವರ ಮನೆಯಲ್ಲೇ ಇಳ್ಕೊಂಡಿದ್ದಾರೆ. ಮಿಸ್ಟರ್ ಪೆನ್‌ಫೋಲ್ಡ್. ನಮ್ಮ ನಾಡಿನ ಕಲೆಯನ್ನ ಉಳಿಸೋಕೆ ನಾಟಕ ಬರೀತಿದ್ದಾರೆ. ಅದರಲ್ಲಿ ಒಂದು ಹೆಣದ ದೃಶ್ಯ ಇದೆಯಂತೆ. ಈ ಅಳು ಅವರಿಗೆ ಬೇಕು."

ಪಾದ್ರಿಯ ಹಿಂದೆ ಒಬ್ಬ ಉದ್ದನೆಯ ಮನುಷ್ಯ ತಲೆ ಬಗ್ಗಿಸಿ ಒಳಗೆ ಬಂದ. ಅವನ ಹಿಂದೆ ಲಾವೆಲ್‌ನ ಆಳುಗಳಿಬ್ಬರು. ಒಬ್ಬನ ಕೈಯಲ್ಲಿ ದನಿ ಹಿಡಿದಿಡುವ, ತುತ್ತೂರಿ ಇದ್ದ ಯಂತ್ರ, ಇನ್ನೊಬ್ಬನ ಹೆಗಲ ಮೇಲೆ ವಿಸ್ಕಿ ಪೀಪಾಯಿ. ಪೆನ್‌ಫೋಲ್ಡ್ ಐರಿಷ್ ಕಲಿತಿದ್ದು ಪುಸ್ತಕದಿಂದ. ಮಾತಾಡಿದರೆ ಸತ್ತುಹೋದ ಬಿಷಪ್ಪನೇ ಎದ್ದು ಬಂದು ಮಾತಾಡಿದ ಹಾಗಿತ್ತು.

"ಮಾನ್ಯ ಮಾತೆಯರೇ, ತಮ್ಮ ದುಃಖದಲ್ಲಿ ನಾನೂ ಸಹಭಾಗಿಯಾಗಿರುವೆನು."

ನೆಲ್ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದು ಅವನು ತಿಳಿದ. ಅವಳು ನಗುತ್ತಿದ್ದಳು.

"ಒಂದು ಮಾತು ಗೊಬ್ನಿತ್," ಎಂದರು ಪಾದ್ರಿ, ಬಗ್ಗಿ, ಕಿವಿಯ ಹತ್ತಿರ. "ದುಃಖ ಹೇಳು. ಹುಡುಗಿಯ ಅಂದಚೆಂದ ಹೇಳು. ಬದುಕಿರೋರ ಹೆಸರು ತೆಗೀಬೇಡ. ತೆಗೆದ್ರೆ ನಾಳೆ ಮಣ್ಣಿಗೆ ನಾನು ಬರಲ್ಲ. ಟೈಗ್‌ನ ತೋಟದ ಗತಿ ಏನಾಗುತ್ತೆ, ಅದನ್ನೂ ಯೋಚ್ನೆ ಮಾಡು."

ಟೈಗ್ ಯೂನಾಳ ಗಂಡ. ಒಲೆಯ ಹತ್ತಿರ ಇಬ್ಬರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅವನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

"ಅತ್ತೆ," ಎಂದ. "ಅವ್ರು ಹೇಳ್ದಂಗೆ ಮಾಡ್ಬುಡು. ನನಗೆ ಈ ಎರಡು ಮಕ್ಳವೆ."

ಅಷ್ಟರಲ್ಲಿ ಗಂಡಸರು ವಿಸ್ಕಿ ಪೀಪಾಯಿ ತೆರೆದಾಗಿತ್ತು. ಮಣ್ಣಿನ ಚಿಲುಮೆ ಹೊತ್ತಿದ್ದವು. ಬಡವರ ಮನೆ, ಹೆಣ ಕಾಯಲು ಬಂದವರ ಬಾಯಿಗೆ ಹಾಕಲು ಏನೂ ಇರಲಿಲ್ಲ, ನಿಜ. ಆದರೂ ಲಾವೆಲ್‌ನ ವಿಸ್ಕಿಯನ್ನು ಯೂನಾಳ ಕಾಲಬುಡದಲ್ಲಿ ಕೂತು ಕುಡಿಯುವವರನ್ನು ನೋಡಿ ಗೊಬ್ನಿತ್‌ಗೆ ಮೈಯುರಿ ಹತ್ತಿತು.

"ಕುಡೀರಪ್ಪ, ಕುಡೀರಿ. ಹುಡುಗಿ ಮೈ ಇನ್ನೂ ಒದ್ದೆ ಐತೆ, ನಿಮ್ ಗಂಟ್ಲು ಒಣಗಿರ್ಬೇಕು."

ಒಬ್ಬಿಬ್ಬರು ಲೋಟ ಕೆಳಗಿಟ್ಟರು. ಉಳಿದವರು ಕೆಮ್ಮಿ, ಕುಡಿದರು.

ಅವಳು ಅಳಲೇಬೇಕಿತ್ತು. ಪಾದ್ರಿಗೆ ಅಲ್ಲ, ಡಬ್ಲಿನ್ನಿಗೆ ಅಲ್ಲ. ಹಾಡಿ ಅಳದೆ ಕಳಿಸಿದ ಜೀವ ಹೊಸಲಲ್ಲೇ ನಿಂತುಬಿಡುತ್ತದೆ, ಆಚೆಗೂ ಹೋಗುವುದಿಲ್ಲ, ಒಳಗೂ ಬರುವುದಿಲ್ಲ. ಗೊಬ್ನಿತ್ ತಲೆಯ ಬಟ್ಟೆ ಕಿತ್ತೊಗೆದಳು. ನರೆಗೂದಲು ಬಿಚ್ಚಿ ಮುಖಕ್ಕೆ ಬಿಟ್ಟುಕೊಂಡಳು. ಮಂಡಿಯೂರಿ, ಹೆಣದ ಮೇಲೆ ಬಾಗಿ, ಅಂಗೈಗೆ ಅಂಗೈ ಬಡಿದಳು. ಯಂತ್ರ ಗರಗರ ಎಂದು ತಿರುಗತೊಡಗಿತು. ಅವಳಿಗೆ ಅದು ಕೇಳಿಸಲಿಲ್ಲ.

"ಯೂನಾ, ನನ್ನ ಮಗಳೆ,
ಏಳೆ, ಎದ್ದು ಕೂರೆ.
ಒಲೆ ಇನ್ನೂ ಹಚ್ಚಿಲ್ಲ,
ನಿನ್ನ ಮಕ್ಕಳು ಉಂಡಿಲ್ಲ.
ನಿನ್ನ ಹೆಗಲ ನೋಡಿದೆ ಯೂನಾ,
ಹಗ್ಗ ಅಲ್ಲಿ ಮನೆ ಮಾಡಿತ್ತು.
ನಿನ್ನ ಕೈಯ ನೋಡಿದೆ ಯೂನಾ,
ಉಪ್ಪು ಅಲ್ಲಿ ಉಂಡು ಮಲಗಿತ್ತು."

ನೆಲ್ ಮತ್ತು ಉಳಿದ ಹೆಂಗಸರು "ಓಖೋನ್, ಓಖೋನ್" ಎಂದು ದನಿ ಎತ್ತಿದರು. ಮನೆ ನಡುಗಿತು. ಟೈಗ್ ಮಕ್ಕಳ ಕಿವಿ ಮುಚ್ಚಿದ. ಪಾದ್ರಿ ಜಪಮಾಲೆ ಹಿಡಿದು ಗೋಡೆ ನೋಡುತ್ತಿದ್ದರು. ಗೊಬ್ನಿತ್ ಹಿಂದೆ ಮುಂದೆ ತೂಗುತ್ತಿದ್ದಳು. ಮಾತು ತಾನಾಗಿ ಬರುತ್ತಿತ್ತು. ಕೊಯ್ದ ಪಾಚಿ, ಹೊತ್ತ ಬುಟ್ಟಿ, ಹುಟ್ಟದ ಕೂಸು, ಎಲ್ಲ ಬಂದವು. ಪಾದ್ರಿಯ ಬೆದರಿಕೆ, ಟೈಗ್‌ನ ಬೇಡಿಕೆ ಎಲ್ಲ ಹಿಂದೆ ಉಳಿದವು. ದಂಡೆ ಬಂತು. ಒಣ ಬೂಟು ಬಂತು.

"ದಂಡೆಮೇಲೆ ನಿಂತೋನು ಯಾರು,
ಗಡಿಯಾರ ತೆಗೆದೋನು ಯಾರು..."

"ಕ್ಷಮಿಸಬೇಕು!"

ಪೆನ್‌ಫೋಲ್ಡ್ ಕೈ ಎತ್ತಿದ್ದ. ಯಂತ್ರ ನಿಂತಿತ್ತು.

"ಕ್ಷಮಿಸಬೇಕು ಮಾತೆ. ಮೇಣದ ಕೊಳವೆ ಮುಗಿಯಿತು. ಹೊಸತೊಂದನ್ನು ಹಾಕುವೆನು. ದಯಮಾಡಿ ಪ್ರಥಮದಿಂದ ಪುನಃ ಪ್ರಾರಂಭಿಸುವಿರಾ? ಆ ಕೈ ಬಡಿಯುವ ಸದ್ದು ಕೊಂಚ ಕಡಿಮೆ ಇರಲಿ. ಮತ್ತು ಈ ಗಡಿಯಾರದ ಭಾಗ, ಅದು ಬೇಕಾಗಿಲ್ಲ. ನಾಟಕಶಾಲೆಯ ಜನಕ್ಕೆ ಅರ್ಥವಾಗದು."

ಆ ತೀರದಲ್ಲಿ ಚಾಟಿಯಿಂದ ಅಳು ನಿಲ್ಲಿಸಿದವರು ಇದ್ದರು. ಅಳುವಿನ ನಡುವೆ ಕೈ ಎತ್ತಿ, ಇನ್ನೊಂದು ಸಲ, ಮೊದಲಿಂದ, ಎಂದು ಕೇಳಿದವನು ಇರಲಿಲ್ಲ. ಯೂನಾ ಮೊದಲಿಂದ ಸಾಯಬೇಕಿತ್ತೇನೋ ಇವನಿಗೆ.

ಗೊಬ್ನಿತ್ ನಿಧಾನಕ್ಕೆ ಕೂದಲು ಹಿಂದಕ್ಕೆ ತಳ್ಳಿದಳು. ಮುಖ ಒದ್ದೆಯಾಗಿತ್ತು. ಯಂತ್ರದ ತುತ್ತೂರಿ ಅವಳ ಬಾಯಿಗೆ ಮೊಳದ ದೂರದಲ್ಲಿತ್ತು.

"ಆಗಲ್ಲ," ಎಂದಳು.

"ಸ್ವಲ್ಪ ವಿಶ್ರಮಿಸಿ..."

"ನಿಂಗೆ ಯಾವ ಭಾಷೇಲಿ ಹೇಳ್ಲಿ? ಆಗಲ್ಲ. ನಿನ್ ಅವ್ವ ಸತ್ತಾಗ ನಾನ್ ಬರ್ತೀನಿ, ಬೇಕಾದಷ್ಟು ಸಲ ಅಳ್ತೀನಿ. ಈಗ ಎತ್ಕೊಂಡು ಹೊರಡು."

"ಗೊಬ್ನಿತ್!" ಪಾದ್ರಿಯ ಬೆಣ್ಣೆ ಕರಗಿಹೋಗಿತ್ತು. "ಅತಿಥಿಗಳ ಹತ್ತಿರ ಮಾತಾಡೋ ರೀತಿಯೇನೇ ಇದು? ಅಪ್ಪಣೆ ಕೊಟ್ಟಿದ್ದೀನಿ, ಅಳು ಅಂದ್ರೆ ಅಳಬೇಕು!"

"ಬ್ಯಾಡ ಅಂದಾಗ ಚಾಟೀಲಿ ಹೊಡುದ್ರಿ. ಆದ್ರೂ ನಾನ್ ಅತ್ತೆ. ಇವತ್ತು ಅಳು ಅಂತೀರಿ. ಅಳಲ್ಲ. ಇದು ನಿಮ್ ಗಂಟೆ ಅಲ್ಲ ಫಾದರ್, ಹಗ್ಗ ಎಳುದ್ರೆ ಬಡ್ಕೊಳ್ಳೋಕೆ."

"ನಾಳೆ ನಾನು ಬರಲ್ಲ. ಮಂತ್ರ ಇಲ್ಲದೆ ಹೂಳ್ಕೊಳ್ಳಿ."

"ಅತ್ತೆ, ಅತ್ತೆ," ಟೈಗ್ ಎದ್ದು ಬಂದು ಅವಳ ತೋಳು ಹಿಡಿದ. ಗಡ್ಡದ ತುಂಬ ಕಣ್ಣೀರು. "ಕಾಲಿಗ್ ಬೀಳ್ತೀನಿ. ತೋಟ ಹೋದ್ರೆ ನಾವು ಬೀದೀಲಿ."

ಗೊಬ್ನಿತ್ ಅವನ ಕೈಯನ್ನು ಬಿಡಿಸಲಿಲ್ಲ. ಹಾಗೇ ಹಿಡಿದುಕೊಂಡು ಹೆಣದ ಹತ್ತಿರ ಎಳೆದಳು. ಬಿಳಿ ಬಟ್ಟೆ ಸರಿಸಿ ಯೂನಾಳ ಹೆಗಲು ತೋರಿಸಿದಳು.

"ಈ ಹೆಗಲ್ ಮೇಲೆ ನಿಂತಿತ್ತು ಕಣಪ್ಪ ನಿನ್ ತೋಟ. ಈಗ ಇದೇ ಹೋಯ್ತು. ಇನ್ನೇನ್ ಕಿತ್ಕೋತಾನೆ ಅವ್ನು?"

ಟೈಗ್ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಒಲೆಯ ಹತ್ತಿರ ಹೋಗಿ ಕೂತ. ಪಾದ್ರಿ ಹೊರಟರು. ಆಳುಗಳು ಯಂತ್ರ ಎತ್ತಿಕೊಂಡರು, ಪೀಪಾಯಿಯನ್ನೂ ಎತ್ತಿಕೊಂಡರು. ಪೆನ್‌ಫೋಲ್ಡ್ ಬಾಗಿಲಲ್ಲಿ ತಿರುಗಿ ಏನೋ ಹೇಳಲು ಹೋದ. ನೆಲ್ ಅವನ ಧಾಟಿಯಲ್ಲೇ ಕೈ ಎತ್ತಿದಳು. "ಕ್ಷಮಿಸಬೇಕು! ಮೇಣ ಮುಗಿಯಿತು!"

ಹೆಂಗಸರು ನಕ್ಕುಬಿಟ್ಟರು, ಹೆಣದ ಮುಂದೆಯೇ. ಅಲ್ಲಿ ಹೆಣದ ಮುಂದೆ ನಗುವುದೇನೂ ತಪ್ಪಲ್ಲ.

ಗೊಬ್ನಿತ್ ನಗಲಿಲ್ಲ. ಅರ್ಧಕ್ಕೆ ತುಂಡಾದ ಅಳು ಎದೆಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಈ ಮನೆಯೊಳಗೆ ಮತ್ತೆ ತೆಗೆಯಬಾರದು ಎಂದು ಅವಳಿಗೆ ಅನ್ನಿಸಿತು. ಇಲ್ಲಿ ಕೇಳಿಸಿಕೊಳ್ಳಬೇಕಾದವನೇ ಇರಲಿಲ್ಲ.

ಬೆಳಗ್ಗೆ ಪೆಟ್ಟಿಗೆ ಎತ್ತಿದರು. ಸ್ಮಶಾನಕ್ಕೆ ಗುಡ್ಡದ ಮೇಲಿನ ಹತ್ತಿರದ ದಾರಿ ಇತ್ತು. ಆದರೆ ಹೆಣವನ್ನು ಹತ್ತಿರದ ದಾರಿಯಲ್ಲಿ ಒಯ್ಯುವುದು ಸತ್ತವರಿಗೆ ಮಾಡುವ ಅವಮಾನ. ಗೊಬ್ನಿತ್ ಮುಂದೆ ನಡೆದಳು, ಬರಿಗಾಲಲ್ಲಿ, ಕಡಲ ಬದಿಯ ಸುತ್ತು ದಾರಿಗೆ ತಿರುಗಿದಳು. ಆ ದಾರಿ ದಂಡೆ ಹಿಡಿದು ಹೋಗಿ ಲಾವೆಲ್‌ನ ಗೇಟಿನ ಮುಂದೆ ಹಾಯುತ್ತದೆ. ಯಾರೂ ಬೇಡ ಎನ್ನಲಿಲ್ಲ. ಅವಳ ಹಿಂದೆ ಹೆಂಗಸರು, ಅವರ ಹಿಂದೆ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ರಾತ್ರಿ ಕುಡಿದಿದ್ದ ಗಂಡಸರು.

ಹೆಗಲು ಬದಲಾಯಿಸುವ ಜಾಗದಲ್ಲಿ ಪೆಟ್ಟಿಗೆಯನ್ನು ನೆಲಕ್ಕೆ ಇಳಿಸುತ್ತಾರೆ. ಎಲ್ಲಿ ಇಳಿಸಬೇಕೆಂದು ಅಳುವವಳು ಹೇಳುತ್ತಾಳೆ. ಗೇಟಿನ ಎರಡು ಕಬ್ಬಿಣದ ಬಾಗಿಲುಗಳ ನಟ್ಟ ನಡುವೆ, ಗಾಡಿಯ ಚಕ್ರದ ಜಾಡಿನ ಮೇಲೆ ನಿಂತು ಗೊಬ್ನಿತ್ ಕೈ ಎತ್ತಿದಳು.

"ಇಲ್ಲಿ ಇಳಿಸ್ರಿ. ಸುಸ್ತಾಗಿದ್ದಾಳೆ ನನ್ ಮಗಳು."

ಇಳಿಸಿದರು. ಅವಳು ಪೆಟ್ಟಿಗೆಯ ಮೇಲೆ ಬಿದ್ದು ಮುಷ್ಟಿ ಕಟ್ಟಿ ಬಡಿದಳು. ಎದೆಯಲ್ಲಿ ಸಿಕ್ಕಿದ್ದು ಬಿಚ್ಚಿಕೊಂಡಿತು. ಮೇಲಿನ ಮನೆಯ ಕಿಟಕಿಗಳು ತೆರೆದವು.

"ಲಾವೆಲ್, ಗಡಿಯಾರದ ಲಾವೆಲ್,
ನೀರು ತಿರುಗಿದ್ದು ಕಂಡೋನೆ,
ತುಂಬಿದ ಹೊಟ್ಟೆ ಕಂಡೋನೆ,
ಹೋಗು ಅಂತ ಅಂದೋನೆ.
ನಿನ್ನ ಹೊಲಕೆ ಗೊಬ್ಬರ ಬೇಕಿತ್ತು,
ನನ್ನ ಮಗಳ ಹಾಕಿಸಿಕೊಂಡೆ.
ನಿನ್ನ ತಟ್ಟೆಯ ಆಲೂಗಡ್ಡೆ
ಒಡೆದರೆ ಕೆಂಪಗಿರಲಿ.
ನೀನು ಸಾಯೋ ಮನೆಯಲ್ಲಿ
ಅಳೋ ಹೆಣ್ಣು ಇಲ್ಲದಿರಲಿ."

"ಓಖೋನ್" ಎಂದ ಹೆಂಗಸರ ದನಿ ಕಡಲನ್ನೂ ಮುಚ್ಚಿತು. ಈ ಸಲ ಗಂಡಸರೂ ದನಿ ಕೂಡಿಸಿದರು. ಪೆನ್‌ಫೋಲ್ಡ್ ಅಂಗಿಯ ಗುಂಡಿಯನ್ನೂ ಹಾಕದೆ ಹುಲ್ಲಿನ ಮೇಲೆ ಓಡಿಬಂದ. "ನಿಲ್ಲಿ! ದಯಮಾಡಿ ನಿಲ್ಲಿ! ಯಂತ್ರ ಮೇಲಿದೆ!" ಎಂದು ಕೂಗಿ ಮತ್ತೆ ಒಳಗೆ ಓಡಿದ. ಯಾರೂ ನಿಲ್ಲಲಿಲ್ಲ.

ಕಾಸ್ಟಿಗನ್ ಪಾದ್ರಿ ಲಾವೆಲ್‌ನ ಮನೆಯಲ್ಲಿ ತಿಂಡಿಗೆ ಕೂತಿದ್ದವರು ಕುದುರೆ ಹತ್ತಿ ಬಂದರು. ಚಾಟಿ ಕೈಯಲ್ಲಿತ್ತು. ಗೊಬ್ನಿತ್ ಏಳಲಿಲ್ಲ. ಚಾಟಿ ಮೇಲೆ ಹೋಯಿತು. ಅದು ಕೆಳಗೆ ಬರುವ ಮುಂಚೆ ಟೈಗ್ ಕುದುರೆಯ ಲಗಾಮಿಗೆ ಕೈ ಹಾಕಿದ. ಲಗಾಮು ಹಿಡಿದುಕೊಂಡು ನಿಂತ, ಅಳು ಮುಗಿಯುವ ತನಕ. ಪಾದ್ರಿ ಜೀವಮಾನದಲ್ಲಿ ಮೊದಲ ಸಲ ಒಂದು ಅಳುವನ್ನು ಪೂರ್ತಿ ಕೇಳಿದರು.

ಮುಗಿದ ಮೇಲೆ ಟೈಗ್ ಲಗಾಮು ಬಿಟ್ಟ. ದಾರಿ ಬದಿಯಿಂದ ಎರಡು ಕೈ ತುಂಬುವ ಕಲ್ಲೊಂದನ್ನು ಎತ್ತಿ ತಂದು, ಪೆಟ್ಟಿಗೆ ಇಳಿಸಿದ್ದ ಜಾಗದಲ್ಲಿ ಇಟ್ಟ. ಹೆಣ ಇಳಿದ ಜಾಗದಲ್ಲಿ ಕಲ್ಲು ಇಡಬೇಕು, ಬಂದವರೆಲ್ಲರೂ. ಹಾಗೆ ಇಟ್ಟ ಕಲ್ಲನ್ನು ಆ ಸೀಮೆಯಲ್ಲಿ ಹುಟ್ಟಿದವರು ಯಾರೂ ಕದಲಿಸುವುದಿಲ್ಲ. ಊರಿಗೆ ಊರೇ ನಡೆದು ಬಂದಿತ್ತು. ಒಬ್ಬೊಬ್ಬರೂ ಒಂದೊಂದು ಇಟ್ಟರು. ಮಕ್ಕಳು ಚಿಕ್ಕವು ಇಟ್ಟವು. ಗೊಬ್ನಿತ್ ಕೊನೆಗೆ ಇಟ್ಟಳು. ಪೆಟ್ಟಿಗೆ ಮೇಲೆದ್ದಾಗ ಗೇಟಿನ ಎರಡು ಬಾಗಿಲುಗಳ ನಡುವೆ ಸೊಂಟದೆತ್ತರದ ಗುಡ್ಡೆ ಇತ್ತು.

ಯೂನಾಳನ್ನು ಮಂತ್ರವಿಲ್ಲದೆ ಹೂಳಿದರು. ಅವಳಿಗೆ ಬೇಕಾದದ್ದು ಸಿಕ್ಕಿತ್ತು.

ಭಾನುವಾರ ಪಾದ್ರಿ ಬಲಿಪೀಠದಿಂದ ಗೊಬ್ನಿತ್‌ಳ ಹೆಸರು ಕೂಗಿದರು. ಅವಳಿಗೆ ಕೆಂಡ ಕೊಡಬೇಡಿ, ಹಾಲು ಕೊಡಬೇಡಿ, ಮಾತು ಕೊಡಬೇಡಿ ಎಂದರು. ನೆಲ್ ಅವತ್ತೇ ಕೆಂಡ ತಂದು ಒಲೆಗೆ ಸುರಿದು, "ನಾನು ಮಾತಾಡ್ತಿಲ್ಲ ಕಣೆ, ಬರೀ ಕೆಂಡ ಹಾಕ್ತಿದೀನಿ," ಎಂದು ಇಳಿಹೊತ್ತಿನ ತನಕ ಕೂತು ಮಾತಾಡಿದಳು. ಗೇಟಿನಲ್ಲಿ ಗಾಡಿಗೆ ದಾರಿಯಿಲ್ಲದೆ ಪೆನ್‌ಫೋಲ್ಡ್ ಗೋಡೆ ಹಾರಿ, ಕೆಸರಲ್ಲಿ ನಡೆದು ಊರು ಬಿಟ್ಟ. ಆ ಚಳಿಗಾಲ ಡಬ್ಲಿನ್ನಿನಲ್ಲಿ ಅವನ ನಾಟಕ ಆಡಿದರು. ಅಲ್ಲಿ ಮನೆಗೆಲಸಕ್ಕಿದ್ದ ನೆಲ್‌ಳ ಸೊಸೆ ನೋಡಿ ಬಂದು ಹೇಳಿದಳು: ರೇಷ್ಮೆ ಶಾಲಿನ ಹೆಂಗಸೊಬ್ಬಳು ಕೂದಲು ಬಿಚ್ಚಿ ಗೊಬ್ನಿತ್‌ಳ ಮಾತನ್ನೇ ಅಳುತ್ತಾಳಂತೆ, ಉಪ್ಪು ಉಂಡು ಮಲಗಿದ ಕೈಯ ತನಕ ಬಂದು ಅಲ್ಲಿಗೆ ನಿಲ್ಲಿಸುತ್ತಾಳಂತೆ. ಜನ ಕರವಸ್ತ್ರ ತೆಗೆದು ಅಳುತ್ತಾರಂತೆ. ಯೂನಾ ಎಂಬ ಹೆಸರು ಇಲ್ಲವಂತೆ. ದಂಡೆಯ ಮೇಲೆ ನಿಂತವನು ಇಲ್ಲವೇ ಇಲ್ಲವಂತೆ. ಕೇಳಿ ಗೊಬ್ನಿತ್ ಒಲೆಯೊಳಕ್ಕೆ ಉಗಿದಳು.

ಆದರೆ ಗೇಟಿನದು ಅಷ್ಟು ಸುಲಭಕ್ಕೆ ಮುಗಿಯಲಿಲ್ಲ.

ಮಣ್ಣಾದ ಮರುದಿನವೇ ಲಾವೆಲ್‌ನ ಗಾಡಿ ಗೇಟಿನ ಹತ್ತಿರ ಬಂದು ನಿಂತಿತ್ತು. ಗಾಡಿಯವನಿಗೆ ಕಲ್ಲು ತೆಗಿ ಎಂದ. ಗಾಡಿಯವನು ಟೋಪಿ ತೆಗೆದು ಶಿಲುಬೆ ಗುರುತು ಹಾಕಿಕೊಂಡು ಸುಮ್ಮನೆ ನಿಂತ. ತೋಟದವನನ್ನು ಕರೆದ. ಅವನೂ ಟೋಪಿ ತೆಗೆದ. ಕೆಲಸ ಬಿಡಿಸುತ್ತೇನೆ ಎಂದ ಲಾವೆಲ್. ಬಿಡಿಸಿ ಎಂದರು. ಸಾರ್ಜೆಂಟ್‌ಗೆ ಹೇಳಿ ಕಳಿಸಿದ. ಪೊಲೀಸರೂ ಅದೇ ಸೀಮೆಯ ಮಕ್ಕಳು. ಬಂದರು, ನೋಡಿದರು, ಕಲ್ಲಿನ ಮೇಲೆ ಕೇಸು ಹಾಕಲು ಬರುವುದಿಲ್ಲ ಎಂದು ಹೊರಟುಹೋದರು.

ಕೊನೆಗೆ ಒಂದು ಬೆಳಗ್ಗೆ ಲಾವೆಲ್ ಕೋಟು ಬಿಚ್ಚಿ ಗೇಟಿಗೆ ನೇತುಹಾಕಿ ತಾನೇ ಬಗ್ಗಿದ. ಕಲ್ಲು ಎತ್ತಿ ಗೊತ್ತಿಲ್ಲದ ಮೈ. ಒಂದನ್ನು ಹೊಟ್ಟೆಗೆ ಆನಿಸಿಕೊಂಡು ಹೊತ್ತು ದಾರಿಯಾಚೆ ಹಾಕಿದ. ಬೆರಳು ಜಜ್ಜಿಕೊಂಡು ಬೈದುಕೊಂಡ. ಇನ್ನೊಂದು ಎತ್ತಿದ. ಬೆವರು ಇಳಿಯತೊಡಗಿತು.

ಆ ಹೊತ್ತಿಗೆ ದಂಡೆಯಿಂದ ಹೆಂಗಸರು ಮೇಲೆ ಬಂದರು, ಅವನದೇ ಪಾಚಿ ತುಂಬಿದ ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು. ಹಗ್ಗ ಹೆಗಲಿಗೆ ಕೊರೆಯುತ್ತಿತ್ತು. ಬುಟ್ಟಿಯಿಂದ ಉಪ್ಪುನೀರು ಲಂಗಕ್ಕೆ ಸುರಿಯುತ್ತಿತ್ತು. ಅವನು ಬಗ್ಗಿರುವುದನ್ನು ಕಂಡು ನಿಂತರು.

"ಮಂಡಿ ಬಗ್ಸಿ ಸಾಹೇಬ್ರೆ," ಎಂದಳು ನೆಲ್. "ಬರೀ ಸೊಂಟದಲ್ಲಿ ಎತ್ತುದ್ರೆ ಹಿಡ್ಕೊಂಡ್‌ಬುಡುತ್ತೆ. ನಮಗ್ ಗೊತ್ತು."

ಲಾವೆಲ್ ಹಲ್ಲು ಕಚ್ಚಿ ಇನ್ನೊಂದು ಕಲ್ಲು ಎತ್ತಿ ಆಚೆ ಎಸೆದ. ಗೊಬ್ನಿತ್ ಮುಂದೆ ಬಂದಳು. ಬುಟ್ಟಿ ಇಳಿಸಲಿಲ್ಲ. ಹಾಗೇ ಮಂಡಿ ಬಗ್ಗಿಸಿ, ದಾರಿಯಿಂದ ಒಂದು ಕಲ್ಲು ಎತ್ತಿ, ಗುಡ್ಡೆಯ ಮೇಲೆ ಅವನು ಖಾಲಿ ಮಾಡಿದ್ದ ಜಾಗದಲ್ಲೇ ಇಟ್ಟಳು. ಅವಳ ಹಿಂದೆ ನೆಲ್ ಇಟ್ಟಳು. ನೆಲ್ ಹಿಂದೆ ಉಳಿದವರು.

"ಏನಿದು?" ಎಂದು ಕಿರುಚಿದ ಲಾವೆಲ್. "ಏನು ಮಾಡ್ತಿದೀರಿ ನೀವು?"

"ಹಾದುಹೋಗೋರು ಒಂದೊಂದು ಕಲ್ಲು ಹಾಕ್ಬೇಕು. ನಮ್ ಪದ್ಧತಿ," ಎಂದಳು ಗೊಬ್ನಿತ್, ಹಗ್ಗವನ್ನು ಹೆಗಲಿಗೆ ಸರಿಮಾಡಿಕೊಳ್ಳುತ್ತ. "ದಿನಾ ಬರ್ತೀವಿ ಸಾಹೇಬ್ರೆ. ನಿಮ್ ಪಾಚಿ ಹೊರೋಕೆ ಇರೋದು ಇದೊಂದೇ ದಾರಿ."